ಐದು ನಿಮಿಷವೋ, ಇಪ್ಪತ್ತೋ? ಊರಿನ ಕೋಡಿಂಗ್ ಮೀಟಪ್‌ನಲ್ಲಿ ಯಾವ ಥರ ಮಾತಾಡಬೇಕು

ಬಳ್ಳಾರಿಯ ನಮ್ಮ ಪ್ರೋಗ್ರಾಮರ್‌ಗಳ ಗುಂಪಿನ ಮೀಟಪ್‌ನಲ್ಲಿ, ಅಂದರೆ ಎಲ್ಲರೂ ಸೇರಿ ಮಾತಾಡುವ ಸಭೆಯಲ್ಲಿ, ಯಾರು ಯಾವಾಗ ಮಾತಾಡಬೇಕು ಅನ್ನುವ ಪಟ್ಟಿ ಮಾಡುವ ಕೆಲಸ ನನ್ನದು. ಪಟ್ಟಿ ತೆರೆದ ಕೂಡಲೇ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. "ಅಣ್ಣಾ, ವಿಷಯ ಐತಿ. ಐದು ನಿಮಿಷದ್ದು ಹಾಕ್ಲಾ, ಇಪ್ಪತ್ತು ನಿಮಿಷದ್ದು ಹಾಕ್ಲಾ?" "ಸರ್, ಸ್ಲೈಡ್ ಮಾಡಲೇಬೇಕಾ? ಸೀದಾ ಕೋಡ್ ಬರೆದು ತೋರಿಸಿದ್ರೆ ನಡೆಯುತ್ತಾ?" ಹೊಸಪೇಟೆಯವರು, ಸಿರುಗುಪ್ಪದವರು, ಕೊಪ್ಪಳದವರು ಕೇಳುವುದೂ ಇದನ್ನೇ. ಹೀಗಾಗಿ ನಾನು ಏನೇನು ನೋಡಿ ಉತ್ತರ ಹೇಳುತ್ತೇನೋ ಅದನ್ನೆಲ್ಲ ಒಂದು ಕಡೆ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ನಿಮಗೆ ಎಷ್ಟು ಗೊತ್ತಿದೆ ಅನ್ನುವುದರ ಮೇಲೆ ಸಮಯ ಆರಿಸಬೇಡಿ. ಕೇಳಿದವರು ಮನೆಗೆ ಹೋಗಿ ಏನು ಮಾಡಬೇಕು ಅನ್ನುವುದರ ಮೇಲೆ ಆರಿಸಿ. ನನ್ನ ಪ್ರಕಾರ ಉಳಿದ ಲೆಕ್ಕವೆಲ್ಲ ಇದರ ಹಿಂದೆ ಬರುತ್ತದೆ.

ಆರಿಸುವ ಮುಂಚೆ ಕೇಳಿಕೊಳ್ಳಬೇಕಾದದ್ದು

ಒಂದು ಹಾಳೆ ತೆಗೆದುಕೊಳ್ಳಿ. "ನನ್ನ ಮಾತು ಕೇಳಿದವರು ಸೋಮವಾರ ಬೆಳಿಗ್ಗೆ..." ಅಂತ ಶುರು ಮಾಡಿ ವಾಕ್ಯ ಮುಗಿಸಿ. ಒಂದೇ ವಾಕ್ಯದಲ್ಲಿ ಮುಗಿದರೆ ನಿಮ್ಮದು ಚಿಕ್ಕ ಮಾತು. "ಮತ್ತು", "ಆದರೆ", "ಅದಕ್ಕೂ ಮುಂಚೆ" ಅಂತ ಬೆಳೆಯುತ್ತಾ ಹೋದರೆ ಜಾಸ್ತಿ ಸಮಯ ಬೇಕು, ಇಲ್ಲವೇ ವಿಷಯವನ್ನೇ ಕತ್ತರಿಸಬೇಕು. ವಾಕ್ಯವೇ ಬರಲಿಲ್ಲ ಅಂದರೆ ಇನ್ನೊಂದು ತಿಂಗಳು ಕಾಯಿರಿ.

ಎರಡನೆಯದು, ತಯಾರಿಗೆ ನಿಮಗೆ ಎಷ್ಟು ಬಿಡುವು ಇದೆ. ಚಿಕ್ಕ ಮಾತಿಗೆ ತಯಾರಿ ಕಡಿಮೆ ಸಾಕು ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ನಿಮಿಷಕ್ಕೆ ನಿಮಿಷ ಲೆಕ್ಕ ಹಾಕಿದರೆ ಐದು ನಿಮಿಷದ್ದೇ ಹೆಚ್ಚು ಕಷ್ಟ. ಒಂದು ಸಾಲು ಅತ್ತಿತ್ತ ಆದರೂ ಕೊನೆಯ ಮುಖ್ಯ ಮಾತು ಹೊರಗೆ ಉಳಿಯುತ್ತದೆ.

ಮೂರನೆಯದು, ನೀವು ಏನನ್ನು ನಂಬಿಕೊಂಡು ನಿಲ್ಲುತ್ತೀರಿ. ಕರೆಂಟು, ನೆಟ್, ಪ್ರೊಜೆಕ್ಟರ್, ನಿಮ್ಮ ಲ್ಯಾಪ್‌ಟಾಪ್, ಕೇಬಲ್. ಇಷ್ಟರಲ್ಲಿ ಒಂದು ಕೈಕೊಟ್ಟರೂ ಮಾತು ನಿಲ್ಲುತ್ತಾ? ಬಳ್ಳಾರಿಯಲ್ಲಿ ಏಪ್ರಿಲ್, ಮೇ ಅಂದರೆ ಬಿಸಿಲು 40 ಡಿಗ್ರಿ ದಾಟುವ ತಿಂಗಳು. ಆಗ ಕರೆಂಟ್ ಹೋಗುವುದನ್ನೂ ಲೆಕ್ಕಕ್ಕೆ ಹಿಡಿದೇ ತಯಾರಾಗಬೇಕು. ಲ್ಯಾಂಪ್ ಇರುವ ಹಳೇ ಪ್ರೊಜೆಕ್ಟರ್ ಒಮ್ಮೆ ಆಫ್ ಆದರೆ ತಣ್ಣಗಾಗಿ ಮತ್ತೆ ಬೆಳಕು ಬರಲು ಕೆಲವು ನಿಮಿಷ ಹಿಡಿಯುತ್ತದೆ. ಐದು ನಿಮಿಷದ ಮಾತಿನಲ್ಲಿ ಅಷ್ಟು ಹೋದರೆ ಉಳಿಯುವುದೇನು?

ಕೊನೆಯದು, ಎದುರಿಗೆ ಕೂತವರು. ಬೆಂಗಳೂರಿನಲ್ಲಿ ಒಂದೇ ಪ್ರೋಗ್ರಾಮಿಂಗ್ ಭಾಷೆಗೆ, ಒಂದೇ ಫ್ರೇಮ್‌ವರ್ಕ್‌ಗೆ ಬೇರೆ ಬೇರೆ ಗುಂಪುಗಳಿವೆ. ನಮ್ಮ ಕಡೆ ಎಲ್ಲರೂ ಒಂದೇ ಹಾಲ್‌ನಲ್ಲಿ. ಡಿಪ್ಲೊಮಾ ಓದುವ ಹುಡುಗಿ, ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು, ಜೀನ್ಸ್ ಹೊಲಿಯುವ ಯೂನಿಟ್‌ನ ಲೆಕ್ಕ ನೋಡುವವರು, ಕಾಲೇಜಿನ ಮೇಷ್ಟ್ರು, ಎಲ್ಲರೂ ಅಕ್ಕಪಕ್ಕ ಕೂತಿರುತ್ತಾರೆ. ಇಪ್ಪತ್ತು ನಿಮಿಷದ ಆಳವಾದ ಮಾತು ಇವರಲ್ಲಿ ಅರ್ಧ ಜನಕ್ಕೆ ತಲುಪದೇ ಹೋಗಬಹುದು. ಐದು ನಿಮಿಷದ್ದು ತಲುಪದಿದ್ದರೂ ಮುಂದಿನವರು ಬೇಗ ಬರುತ್ತಾರೆ.

ಐದು ನಿಮಿಷದ ಮಾತು

ಲೈಟ್ನಿಂಗ್ ಟಾಕ್ ಅನ್ನುವುದು ಇದನ್ನೇ. ಈ ಹೆಸರು ಬಳಕೆಗೆ ಬಂದದ್ದು 2000ದಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ ನಡೆದ ಪರ್ಲ್ ಪ್ರೋಗ್ರಾಮಿಂಗ್ ಭಾಷೆಯವರ ಸಮ್ಮೇಳನದಲ್ಲಿ. ಹೆಸರು ಕೊಟ್ಟವರು ಮಾರ್ಕ್ ಜೇಸನ್ ಡೊಮಿನಸ್. ಈಗ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರ ಪೈಕಾನ್‌ನಂಥ ದೊಡ್ಡ ಸಮ್ಮೇಳನಗಳಲ್ಲೂ ಇದಕ್ಕೆಂದೇ ಸಮಯ ಇಟ್ಟಿರುತ್ತಾರೆ. ನಿಯಮ ಸರಳ: ಸಮಯ ಮುಗಿದರೆ ಮಾತು ಮುಗಿಯಿತು, ವಾಕ್ಯ ಅರ್ಧಕ್ಕೆ ನಿಂತರೂ ಸರಿ.

ಒಂದು ಉದಾಹರಣೆ ಹಿಡಿದು ನೋಡೋಣ. ಪೈಥಾನ್‌ನಲ್ಲಿ "ಬಳ್ಳಾರಿ" ಪದದ ಉದ್ದ ಕೇಳಿ. ನಮ್ಮ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಪೈಥಾನ್ ಹೇಳುವುದು 7. ಯಾಕೆಂದರೆ ಬೇರೆ ಬೇರೆ ಭಾಷೆಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಅದನ್ನು ಬ, ಳ, ವಿರಾಮ, ಳ, ಇಳಿ, ರ, ಗುಡಿಸು ಅಂತ ಬಿಡಿಸಿ ಇಟ್ಟುಕೊಂಡಿದೆ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ಇದರ ಪರಿಣಾಮ ಕಣ್ಣಿಗೆ ಕಾಣುವ ಜಾಗವೂ ಇದೆ. ಇಂಗ್ಲಿಷ್‌ನ ಒಂದು ಎಸ್ಸೆಮ್ಮೆಸ್‌ನಲ್ಲಿ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ ಹಿಡಿಸುವುದು 70 ಸಂಕೇತ ಮಾತ್ರ. ಬರೀ ಊರಿನ ಹೆಸರೇ ಅದರಲ್ಲಿ ಏಳನ್ನು ತಿಂದುಬಿಡುತ್ತದೆ. ಗ್ರಾಹಕರಿಗೆ ಕನ್ನಡದಲ್ಲಿ ಮೆಸೇಜ್ ಕಳಿಸುವ ಯಾವ ಅಂಗಡಿಯ ಸಾಫ್ಟ್‌ವೇರ್ ಬರೆದರೂ ಈ ಲೆಕ್ಕ ಬೇಕೇ ಬೇಕು.

ಇದು ಐದು ನಿಮಿಷಕ್ಕೆ ಹೇಳಿ ಮಾಡಿಸಿದ ವಿಷಯ. ಅಚ್ಚರಿ ಒಂದು, ಕಾರಣ ಒಂದು, ಉಪಯೋಗ ಒಂದು. ನಾಲ್ಕು ಸ್ಲೈಡ್ ಸಾಕು. ನಿಮ್ಮ ಹೆಸರು, ಕಾಲೇಜು, ಹವ್ಯಾಸ, "ಇವತ್ತಿನ ವಿಷಯಗಳು" ಅನ್ನುವ ಸ್ಲೈಡ್ ಯಾವುದೂ ಬೇಡ. ಹೆಸರನ್ನು ನಾವೇ ಹೇಳಿ ಕರೆಯುತ್ತೇವೆ. ಮೊದಲ ಸ್ಲೈಡ್‌ನಲ್ಲೇ 7 ಅನ್ನುವ ಉತ್ತರ ಇರಲಿ. ಕೂತವರು "ಯಾಕೆ?" ಅಂದುಕೊಳ್ಳುವಷ್ಟರಲ್ಲಿ ನೀವು ಎರಡನೇ ಸ್ಲೈಡ್‌ಗೆ ಬಂದಿರಬೇಕು.

ಕಳೆದುಕೊಳ್ಳುವುದೂ ಇದೆ. ಪ್ರಶ್ನೆಗೆ ಸಮಯ ಇಲ್ಲ. "ಅದು ಹಾಗಾದರೆ ಇದು?" ಅಂತ ಯಾರಾದರೂ ಕೇಳಿದರೆ ಮಿರ್ಚಿ ತಿನ್ನುವಾಗ ಮಾತಾಡೋಣ ಅನ್ನಬೇಕಾಗುತ್ತದೆ. ಅಪವಾದಗಳನ್ನೂ ಬಿಡಬೇಕು. ತಿಳಿದವರಿಗೆ ಅಪೂರ್ಣ ಅನಿಸಬಹುದು, ಅನಿಸಲಿ ಬಿಡಿ. ಮೊದಲ ಸಲ ಮಾತಾಡುವವರಿಗೆ ನಾನು ಹೇಳುವುದು ಇದೊಂದೇ. ಕಾಲು ನಡುಗಿದರೂ ಐದು ನಿಮಿಷ ಕಳೆದುಹೋಗುತ್ತದೆ, ಕೇಳುವವರೂ ನಿಮ್ಮ ಪರವಾಗಿಯೇ ಕೂತಿರುತ್ತಾರೆ.

ತಾನೇ ಓಡುವ ಸ್ಲೈಡ್‌ಗಳು

ಪೆಚಾಕುಚಾ 2003ರಲ್ಲಿ ಟೋಕಿಯೊದಲ್ಲಿ ಶುರುವಾಯಿತು. ಶುರು ಮಾಡಿದವರು ಆಸ್ಟ್ರಿಡ್ ಕ್ಲೈನ್ ಮತ್ತು ಮಾರ್ಕ್ ಡೈಥಮ್ ಅನ್ನುವ ಇಬ್ಬರು ವಾಸ್ತುಶಿಲ್ಪಿಗಳು. 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್, ಒಟ್ಟು 6 ನಿಮಿಷ 40 ಸೆಕೆಂಡ್. 2006ರಲ್ಲಿ ಸಿಯಾಟಲ್‌ನಲ್ಲಿ ಬಂದ ಇಗ್ನೈಟ್‌ನಲ್ಲಿ ಸ್ಲೈಡ್‌ಗಳು 20 ಇದ್ದರೂ ಒಂದೊಂದಕ್ಕೆ 15 ಸೆಕೆಂಡ್ ಮಾತ್ರ, ಅಲ್ಲಿಗೆ ಸರಿಯಾಗಿ 5 ನಿಮಿಷ. ಸ್ಲೈಡ್ ತಾನೇ ಮುಂದೆ ಹೋಗುತ್ತದೆ, ಹಿಂದಕ್ಕೆ ಬರುವಂತಿಲ್ಲ.

ಕೋಡ್ ತೋರಿಸುವವರಿಗೆ ಇದು ಬೇಡ ಅಂತಲೇ ನನ್ನ ಅಭಿಪ್ರಾಯ. ಹತ್ತು ಸಾಲಿನ ಕೋಡ್ ಓದಿ ಅರ್ಥ ಮಾಡಿಕೊಳ್ಳಲು 15 ಸೆಕೆಂಡ್ ಯಾರಿಗೂ ಸಾಲದು. ಆದರೆ ನಡೆದ ಕೆಲಸವನ್ನು ಚಿತ್ರಗಳಲ್ಲಿ ಹೇಳುವವರಿಗೆ ಒಪ್ಪುತ್ತದೆ. ಜೀನ್ಸ್ ಯೂನಿಟ್‌ನಲ್ಲಿ ಪೀಸ್ ಲೆಕ್ಕದ ಚೀಟಿ ಹೇಗಿತ್ತು, ಅದು ಮೊಬೈಲ್‌ಗೆ ಹೇಗೆ ಬಂತು, ಹೊಲಿಯುವವರು ಮೊದಲ ವಾರ ಏನಂದರು, ಇಂಥದ್ದು. ತಯಾರಿ ಜಾಸ್ತಿ, ಬಾಯಿಪಾಠ ಆಗುವಷ್ಟು ಅಭ್ಯಾಸ ಬೇಕು. ನಡುವೆ ಕರೆಂಟ್ ಹೋದರೆ ಲಯ ಪೂರ್ತಿ ತಪ್ಪುತ್ತದೆ.

ಹತ್ತು ನಿಮಿಷದ ಡೆಮೊ

ಹುಡುಗರಿಗೆ ಇದರ ಮೇಲೆಯೇ ಆಸೆ. ತಪ್ಪಿಲ್ಲ. ಓಡುತ್ತಿರುವ ಪ್ರೋಗ್ರಾಮ್ ನೋಡಿದಾಗ ಆಗುವ ಖುಷಿ ಸ್ಲೈಡ್ ನೋಡಿದಾಗ ಆಗುವುದಿಲ್ಲ. ಆದರೆ ಡೆಮೊದಲ್ಲೇ ಮೂರು ಥರ ಇದೆ, ಮೂರೂ ಬೇರೆ ಬೇರೆ.

ಒಂದು, ಮಾಡಿಟ್ಟದ್ದನ್ನು ಓಡಿಸಿ ತೋರಿಸುವುದು. ಇನ್ನೊಂದು, ಎಲ್ಲರ ಎದುರಿಗೆ ಖಾಲಿ ಫೈಲ್‌ನಿಂದ ಕೋಡ್ ಬರೆಯುವುದು. ಮೂರನೆಯದು, ಮೊದಲೇ ರೆಕಾರ್ಡ್ ಮಾಡಿದ ವಿಡಿಯೊ ಹಾಕಿ ಅದರ ಮೇಲೆ ಮಾತಾಡುವುದು.

ಖಾಲಿ ಫೈಲ್‌ನಿಂದ ಬರೆಯುವುದರಲ್ಲಿ ಕಲಿಯಲು ತುಂಬಾ ಇದೆ. ತಪ್ಪು ಹೇಗೆ ಹುಡುಕುತ್ತಾರೆ, ಎಡಿಟರ್ ಹೇಗೆ ಬಳಸುತ್ತಾರೆ ಅನ್ನುವುದನ್ನು ಹೊಸಬರು ಕಣ್ಣಾರೆ ನೋಡುತ್ತಾರೆ. ಆದರೆ ಟೈಪ್ ಮಾಡುವಾಗ ಮಾತು ನಿಲ್ಲುತ್ತದೆ, ಮಾತಾಡುವಾಗ ಟೈಪಿಂಗ್ ತಪ್ಪುತ್ತದೆ. ಹತ್ತು ನಿಮಿಷದಲ್ಲಿ ಇಪ್ಪತ್ತು ಸಾಲಿಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಪ್ರತಿ ಹಂತವನ್ನೂ ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳನ್ನು ಕಾಪಿಡುವ ಸಾಫ್ಟ್‌ವೇರ್) ಬೇರೆ ಬೇರೆ ಕಮಿಟ್ ಮಾಡಿಟ್ಟರೆ, ಅಂದರೆ ಬೇರೆ ಬೇರೆಯಾಗಿ ಉಳಿಸಿಟ್ಟರೆ, ಸಿಕ್ಕಿಕೊಂಡಾಗ ಮುಂದಿನ ಹಂತಕ್ಕೆ ಹಾರಬಹುದು. ಬೇಕಾದ ಲೈಬ್ರರಿಗಳನ್ನೆಲ್ಲ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನೆಲ್ಲ, ಮನೆಯಲ್ಲೇ ಇನ್‌ಸ್ಟಾಲ್ ಮಾಡಿಕೊಂಡು ಬನ್ನಿ. ಸ್ಟೇಜ್ ಮೇಲೆ ನಿಂತು ಡೌನ್‌ಲೋಡ್ ಆಗುವುದನ್ನು ಕಾಯುವುದು ಯಾರಿಗೂ ಬೇಡ.

ಮೇಲಿನ ಕನ್ನಡ ಅಕ್ಷರಗಳ ಉದಾಹರಣೆಯನ್ನೇ ಲೈವ್ ಮಾಡುತ್ತೀರಿ ಅಂದುಕೊಳ್ಳಿ. ಟರ್ಮಿನಲ್‌ನಲ್ಲಿ, ಅಂದರೆ ಬರೀ ಆದೇಶ ಟೈಪ್ ಮಾಡುವ ವಿಂಡೋದಲ್ಲಿ, ಮಾಡಬೇಡಿ. ಸುಮಾರು ಟರ್ಮಿನಲ್‌ಗಳಿಗೆ ಒತ್ತಕ್ಷರ ಸರಿಯಾಗಿ ಜೋಡಿಸಲು ಬರಲ್ಲ. ಒತ್ತು ಒಂದು ಕಡೆ, ಗುಡಿಸು ಒಂದು ಕಡೆ ಕಾಣುತ್ತದೆ. ಕೂತವರು ನಿಮ್ಮ ಪ್ರೋಗ್ರಾಮ್‌ನಲ್ಲೇ ತಪ್ಪಿದೆ ಅಂದುಕೊಳ್ಳುತ್ತಾರೆ. ಬ್ರೌಸರ್‌ನಲ್ಲಿ ತೆರೆದು, ಕೋಡ್ ಬರೆದು ಅಲ್ಲೇ ಓಡಿಸುವ ಜುಪಿಟರ್ ನೋಟ್‌ಬುಕ್ ಬಳಸಿ, ಅದೂ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುವುದು. ಗೂಗಲ್‌ನ ಆನ್‌ಲೈನ್ ನೋಟ್‌ಬುಕ್ ಆದ ಕೊಲ್ಯಾಬ್‌ಗೆ ನೆಟ್ ಬೇಕು.

ಇನ್ನು ಕೆಲವನ್ನು ಹಾಲ್‌ಗೆ ತರಲು ಆಗುವುದೇ ಇಲ್ಲ. ಗಂಗಾವತಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಲ್ಲಿ ಲಾರಿ ತೂಗುವ ಕಾಟಾ ಇರುತ್ತದಲ್ಲ, ಅದರ ಡಿಸ್‌ಪ್ಲೇ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಕಂಪ್ಯೂಟರ್‌ಗೆ ಕೇಬಲ್ ಜೋಡಿಸುವ ಆರ್‌ಎಸ್-232 ಸೀರಿಯಲ್ ಪೋರ್ಟ್ ಇರುತ್ತದೆ. ಅಲ್ಲಿಂದ ತೂಕದ ಅಂಕಿಯನ್ನು ಪೈಥಾನ್‌ನ ಪೈಸೀರಿಯಲ್ ಲೈಬ್ರರಿಯಿಂದ ಓದಿ ಸೀದಾ ಬಿಲ್‌ಗೆ ಹಾಕುವ ಪ್ರೋಗ್ರಾಮ್ ಬರೆದಿದ್ದೀರಿ ಅಂದರೆ, ಅದರ ಜೀವ ಇರುವುದು ಲಾರಿ ಹತ್ತಿದಾಗ ಸ್ಕ್ರೀನ್ ಮೇಲೆ ಅಂಕಿ ಏರುವುದರಲ್ಲಿ. ಮಿಲ್‌ನಲ್ಲೇ ನಿಂತು ಮೊಬೈಲ್‌ನಲ್ಲಿ ಒಂದೂವರೆ ನಿಮಿಷ ವಿಡಿಯೊ ಮಾಡಿಕೊಳ್ಳಿ. ಮಾಲೀಕರನ್ನು ಒಂದು ಮಾತು ಕೇಳಿ, ಲಾರಿ ನಂಬರ್ ಕಾಣದ ಹಾಗೆ ಹಿಡಿಯಿರಿ. ಹಾಲ್‌ನಲ್ಲಿ ವಿಡಿಯೊ ಹಾಕಿ, ನಿಲ್ಲಿಸಿ, ಕೋಡ್‌ನ ಐದಾರು ಸಾಲು ತೋರಿಸಿ. ಇದನ್ನು ಯಾರೂ ಮೋಸ ಅನ್ನಲ್ಲ. ಲೈವ್ ಮಾಡುವವರಿಗೂ ನಾನು ಹೇಳುವುದು ಇಷ್ಟೇ: ಸ್ಕ್ರೀನ್ ರೆಕಾರ್ಡ್ ಮಾಡುವ ಒಬಿಎಸ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಒಮ್ಮೆ ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡೇ ಬನ್ನಿ.

ಕಪ್ಪು ಹಿನ್ನೆಲೆಯ ಎಡಿಟರ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆಂದ ಕಾಣುತ್ತದೆ. ಮಧ್ಯಾಹ್ನದ ಬೆಳಕು ಬೀಳುವ ಹಾಲ್‌ನಲ್ಲಿ, ಮಂಕಾದ ಪ್ರೊಜೆಕ್ಟರ್‌ನಲ್ಲಿ ಅದು ಬೂದು ಬಣ್ಣದ ಗೋಡೆ. ಬಿಳಿ ಹಿನ್ನೆಲೆಗೆ ಬದಲಾಯಿಸಿ, ಅಕ್ಷರ ದೊಡ್ಡದು ಮಾಡಿ. ಕೊನೆಯ ಸಾಲಿನಲ್ಲಿ ಕೂತು ನೀವೇ ಒಮ್ಮೆ ಓದಿ ನೋಡಿ.

ಇಪ್ಪತ್ತು ನಿಮಿಷ

ಇದರಲ್ಲಿ ಹದಿನೈದು ನಿಮಿಷ ಮಾತು, ಐದು ನಿಮಿಷ ಪ್ರಶ್ನೆ. ನೀವು ಆಯ್ಕೆಗಳ ನಡುವೆ ತೂಗಿ ನೋಡಿ ಒಂದು ನಿರ್ಧಾರ ಮಾಡಿದ್ದೀರಿ, ಅದರ ಕಾರಣಗಳನ್ನು ಹೇಳಬೇಕು ಅಂದಾಗ ಇದು ಸರಿ. ಅಕ್ಷರಗಳ ಉದಾಹರಣೆಯನ್ನೇ ಮುಂದುವರಿಸಿ ನೋಡಿ. "ಕೊಪ್ಪಳ" ಅನ್ನುವುದರ ಮೊದಲ ಅಕ್ಷರದ ಒತ್ವ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಕೊಂಬಿನ ಇಳಿ ಅನ್ನುವ ಎರಡು ಸಂಕೇತಗಳಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರ್‌ಗೆ ಬೇರೆ ಬೇರೆ. ಡೇಟಾಬೇಸ್‌ನಲ್ಲಿ ಒಂದು ಥರ ಇದ್ದು ನೀವು ಹುಡುಕುವುದು ಇನ್ನೊಂದು ಥರ ಇದ್ದರೆ ಕೊಪ್ಪಳವೇ ಸಿಗಲ್ಲ. ಅದಕ್ಕೆ ನಾರ್ಮಲೈಸೇಶನ್, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತರುವುದು, ಬೇಕು. ಅದನ್ನು ಸೇವ್ ಮಾಡುವಾಗ ಮಾಡಬೇಕಾ, ಹುಡುಕುವಾಗಲಾ, ಹಳೇ ಡೇಟಾ ಏನು ಮಾಡುವುದು, ಅಕಾರಾದಿಯಾಗಿ ಜೋಡಿಸುವುದು ಹೇಗೆ ಅಂತ ಪ್ರಶ್ನೆ ಬೆಳೆಯುತ್ತದೆ. ಇದು ಐದು ನಿಮಿಷಕ್ಕೆ ಹಿಡಿಸದು, ಹಿಡಿಸಲು ಹೋಗಲೂಬಾರದು.

ಹೊಸಬರಿಗೆ ನಾನು ಇದನ್ನು ಸುಲಭಕ್ಕೆ ಕೊಡುವುದಿಲ್ಲ. ಒಬ್ಬರು ಇಪ್ಪತ್ತು ನಿಮಿಷ ತೆಗೆದುಕೊಂಡರೆ ಮೂರು ಜನ ಚಿಕ್ಕ ಮಾತಿನವರ ಸಮಯ ಹೋಗುತ್ತದೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಎಲ್ಲರ ಪಿಡಿಎಫ್ ಹಾಕಿಟ್ಟುಕೊಂಡರೆ, ಬದಲಾಗಲು ಎರಡೆರಡು ನಿಮಿಷ ಹಿಡಿದರೂ ಒಂದು ಗಂಟೆಯಲ್ಲಿ ಎಂಟು ಜನ ಐದೈದು ನಿಮಿಷ ಮಾತಾಡಬಹುದು. ಸಣ್ಣ ಊರಿನ ಗುಂಪಿಗೆ ಇದು ದೊಡ್ಡ ಮಾತು. ಎಂಟು ಜನ ಮಾತಾಡಿದರೆ ಮುಂದಿನ ಸಲ ಎಂಟು ಜನಕ್ಕೂ "ಇದು ನನ್ನ ಗುಂಪು" ಅನಿಸಿರುತ್ತದೆ. ಅದಕ್ಕೇ ನಮ್ಮಲ್ಲಿ ಒಂದು ಮೀಟಪ್‌ಗೆ ಇಪ್ಪತ್ತು ನಿಮಿಷದ್ದು ಒಂದೇ ಇರಲಿ ಅನ್ನುವುದು ನನ್ನ ಹಟ.

ಬೋರ್ಡ್, ಮತ್ತು "ಸಿಕ್ಕಿಹಾಕಿಕೊಂಡಿದ್ದೇನೆ"

ಬೋರ್ಡ್ ಮೇಲೆ ಬರೆದು ಹೇಳುವ ಮಾತನ್ನು ಯಾರೂ ಕೇಳಿ ಪಡೆಯುವುದಿಲ್ಲ. ನನಗೆ ಅದು ತುಂಬಾ ಇಷ್ಟ. ಬೈನರಿ ಸರ್ಚ್, ಹ್ಯಾಶ್ ಟೇಬಲ್, ಗಿಟ್‌ನಲ್ಲಿ ಬ್ರಾಂಚ್ ಅಂದರೆ ಏನು, ಇಂಥವನ್ನು ಬರೆಯುತ್ತಾ ಹೇಳಿದಾಗ ಕೇಳುವವರ ವೇಗಕ್ಕೆ ಮಾತು ತಾನೇ ಇಳಿಯುತ್ತದೆ. ಖರ್ಚಿಲ್ಲ. ಕರೆಂಟ್ ಹೋದರೂ ಕಿಟಕಿ ತೆಗೆದು ಮುಂದುವರಿಸಬಹುದು. ಕೈಬರಹ ದೊಡ್ಡದಾಗಿರಬೇಕು, ಅಷ್ಟೇ.

ಇನ್ನೊಂದು ಮೂರು ನಿಮಿಷದ್ದು. ಎರರ್ ಮೆಸೇಜ್ ತೋರಿಸಿ, ಏನೇನು ಮಾಡಿ ನೋಡಿದಿರಿ ಹೇಳಿ, "ಯಾರಿಗಾದರೂ ಗೊತ್ತಾ?" ಅಂತ ಕೇಳುವುದು. ಇದಕ್ಕೆ ತಯಾರಿ ಬಹಳ ಕಡಿಮೆ, ಲಾಭ ಬಹಳ ಜಾಸ್ತಿ. ಒಂದು ಎಚ್ಚರ ಬೇಕು. ಸ್ಕ್ರೀನ್ ಮೇಲೆ ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಗಳನ್ನು ಬಳಸಲು ಕೊಡುವ ಗುಟ್ಟಿನ ಸಂಕೇತ), ಗ್ರಾಹಕರ ಹೆಸರು, ಜಿಎಸ್‌ಟಿ ನಂಬರ್ ಯಾವುದೂ ಕಾಣಬಾರದು. ನಮ್ಮಂಥ ಊರಿನಲ್ಲಿ ಆ ಗ್ರಾಹಕರ ಅಣ್ಣನ ಮಗ ಎರಡನೇ ಸಾಲಿನಲ್ಲಿ ಕೂತಿರಬಹುದು.

ಯಾರಿಗೆ ಯಾವುದು

ಲ್ಯಾಪ್‌ಟಾಪ್ ಇಲ್ಲದ ವಿದ್ಯಾರ್ಥಿಗೆ ಬೋರ್ಡ್, ಇಲ್ಲವೇ ನಾಲ್ಕು ಸ್ಲೈಡ್‌ನ ಪಿಡಿಎಫ್. ಮೊಬೈಲ್‌ನಲ್ಲೇ ಸ್ಲೈಡ್ ಮಾಡಿ ನಮಗೆ ಕಳಿಸಿದರೆ ಸಾಕು. ಕೈಯಿಂದ ದುಡ್ಡು ಹಾಕುವ ಅಗತ್ಯವೇ ಇಲ್ಲ.

ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಡೆಮೊ ಮಾಡುವವರು ತಮ್ಮ ಪೋರ್ಟ್ ನೋಡಿಕೊಳ್ಳಬೇಕು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬರೀ ಟೈಪ್-ಸಿ ಇರುತ್ತದೆ, ಕಾಲೇಜಿನ ಪ್ರೊಜೆಕ್ಟರ್‌ನಲ್ಲಿ ಹಳೇ ಥರದ ವಿಜಿಎ ಪೋರ್ಟ್ ಇರಬಹುದು. ಕನ್ವರ್ಟರ್‌ಗೆ ಕೆಲವು ನೂರು ರೂಪಾಯಿ ಆಗುತ್ತದೆ. ವರ್ಷಕ್ಕೊಮ್ಮೆ ಮಾತಾಡುವವರು ಕೊಳ್ಳಬೇಡಿ, ಯಾರ ಹತ್ತಿರ ಇದೆ ಅಂತ ಗುಂಪಿನಲ್ಲಿ ಕೇಳಿ.

ಕೆಲಸ ಹುಡುಕುತ್ತಿರುವವರು ಹತ್ತು ನಿಮಿಷದ ಡೆಮೊ ಆರಿಸಿ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ನಿಮ್ಮ ಕೋಡ್ ಇಡಿ. ಸಂದರ್ಶನದಲ್ಲಿ ಅದೇ ಲಿಂಕ್ ಕೊಟ್ಟು, ಅದೇ ಹತ್ತು ನಿಮಿಷವನ್ನು ಮತ್ತೆ ಹೇಳಬಹುದು. ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಬೇರೆ ತೊಡಕು. ಆಫೀಸಿನ ಕೋಡ್ ತೋರಿಸುವಂತಿಲ್ಲ. ಅಂಥವರು ಡೆಮೊ ಬಿಟ್ಟು, ಕಲಿತ ಒಂದು ಪಾಠವನ್ನು ಬೇರೆ ಉದಾಹರಣೆಯಲ್ಲಿ ಐದು ನಿಮಿಷ ಹೇಳಿದರೆ ಚೆನ್ನ.

ದೂರದಿಂದ ಬರುವವರು ಯಾವುದನ್ನೇ ಆರಿಸಿದರೂ ಪಟ್ಟಿಯಲ್ಲಿ ಮೊದಲೇ ಜಾಗ ಕೇಳಿ. ಹೊಸಪೇಟೆ ಸುಮಾರು 60 ಕಿಲೋಮೀಟರ್, ಕೊಪ್ಪಳ ಇನ್ನೂ ಆಚೆ. ಸಂಜೆ ರೈಲು ಹಿಡಿಯುವವರನ್ನು ಕೊನೆಯಲ್ಲಿ ನಿಲ್ಲಿಸಿದರೆ ಅವರ ಕಣ್ಣು ಗಡಿಯಾರದ ಮೇಲೆಯೇ ಇರುತ್ತದೆ. ರಾಯಚೂರಿನವರಿಗೆ ನನ್ನ ಸಲಹೆ, ಐದು ನಿಮಿಷಕ್ಕೆ ಅಷ್ಟು ದೂರ ಬರುವ ಬದಲು ಅಲ್ಲೇ ಒಂದು ಗುಂಪು ಶುರು ಮಾಡಿ. 2019ರಲ್ಲಿ ಆರಂಭವಾದ ಐಐಐಟಿ ನಿಮ್ಮ ಊರಿನದೇ. ಕೃಷಿ ವಿಶ್ವವಿದ್ಯಾಲಯವೂ ಇದೆ. ಹತ್ತಿ, ಭತ್ತದ ವ್ಯಾಪಾರವೂ ಇದೆ. ವಿಷಯಕ್ಕೆ ಬರ ಬರಲ್ಲ.

ಸ್ಟೇಜ್ ಭಯ ಇರುವವರು ಇಬ್ಬರು ಸೇರಿ ಹತ್ತು ನಿಮಿಷ ತೆಗೆದುಕೊಳ್ಳಿ. ಒಬ್ಬರು ಮಾತಾಡಿ, ಒಬ್ಬರು ಕೀಬೋರ್ಡ್ ನೋಡಿಕೊಳ್ಳಿ. ಅರ್ಧಕ್ಕೆ ಬದಲಾಯಿಸಿಕೊಂಡರೂ ಸರಿ.

ಭಾಷೆಯ ಪ್ರಶ್ನೆಗೆ ನನ್ನ ಉತ್ತರ ಗಟ್ಟಿ: ಕನ್ನಡದಲ್ಲೇ ಮಾತಾಡಿ. ಲೂಪ್, ಫಂಕ್ಷನ್, ಸರ್ವರ್ ಅನ್ನುವ ಪದಗಳು ಇದ್ದ ಹಾಗೇ ಇರಲಿ, ಕೋಡ್ ಇಂಗ್ಲಿಷ್‌ನಲ್ಲೇ ಇರಲಿ. ವಿವರಣೆ ಕನ್ನಡದಲ್ಲಿ ಬಂದರೆ ಹಿಂದಿನ ಸಾಲಿನವರೂ ಕೈ ಎತ್ತುತ್ತಾರೆ. ನಮ್ಮ ಊರಿನಲ್ಲಿ ತೆಲುಗು, ಉರ್ದು ಮನೆಮಾತಿನವರು ಬಹಳ ಜನ ಇದ್ದಾರೆ. ನಿಮ್ಮ ಕನ್ನಡ ತೊದಲಿದರೆ ಯಾರೂ ಏನೂ ಅಂದುಕೊಳ್ಳಲ್ಲ.

ಇಷ್ಟಾದ ಮೇಲೂ ಐದೋ ಹತ್ತೋ ಅನ್ನುವ ಅನುಮಾನ ಉಳಿದರೆ ಮನೆಯಲ್ಲಿ ಮೊಬೈಲ್ ಟೈಮರ್ ಇಟ್ಟು ನಿಂತುಕೊಂಡು ಜೋರಾಗಿ ಹೇಳಿ ನೋಡಿ. ಏಳು ನಿಮಿಷದ ಒಳಗೆ ಮುಗಿದರೆ ಕತ್ತರಿಸಿ ಐದಕ್ಕೆ ತನ್ನಿ. ಏಳು ದಾಟಿದರೆ ಹತ್ತು ಕೇಳಿ. ಶೀರ್ಷಿಕೆ, ಆ ಸೋಮವಾರದ ವಾಕ್ಯ, ಎಷ್ಟು ನಿಮಿಷ, ಡೆಮೊ ಇದ್ದರೆ ಯಾವ ಪೋರ್ಟ್, ಇಷ್ಟನ್ನು ಮೀಟಪ್‌ಗೆ ಒಂದು ವಾರ ಮುಂಚೆ ನನಗೆ ಕಳಿಸಿ. ಪಿಡಿಎಫ್ ಹಿಂದಿನ ದಿನ ರಾತ್ರಿ ಬಂದರೂ ನಡೆಯುತ್ತದೆ.